ಬೀನ್ಸ್ ಸಸಿಯ ಕುತ್ತಿಗೆ ನೋಡಿದಿರಾ?

ಮಳೆ ಹಿಡಿದ ಮೇಲೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಬೀನ್ಸ್‌ನವರದೇ. ಹಾಕಿದ್ದು ಹುಟ್ಟಲಿಲ್ಲ, ಹುಟ್ಟಿದ್ದು ಬಾಡಿತು, ಬಾಡದೆ ಉಳಿದದ್ದನ್ನು ಯಾರೋ ತಿಂದು ಹೋದರು. ಹಾಗಾಗಿ ಬದನೆ, ಮೆಣಸು, ಕರಿಬೇವಿನವರು ಈ ಸಲ ಸ್ವಲ್ಪ ಕಾಯಬೇಕು. ಅವರೆ, ಅಲಸಂದೆಯವರ ಪತ್ರಗಳನ್ನು ಇದರೊಳಗೇ ಸೇರಿಸಿಕೊಂಡಿದ್ದೇನೆ. ಎಳೆ ಸಸಿಯಾಗಿದ್ದಾಗ ಇವೆಲ್ಲದರ ಕಷ್ಟ ಹೆಚ್ಚುಕಡಿಮೆ ಒಂದೇ.

ಪ್ರಶ್ನೆ: ಮೇಡಂ, ತಾರಸಿಯಲ್ಲಿ ಗ್ರೋ ಬ್ಯಾಗ್‌ನಲ್ಲಿ ಬೀನ್ಸ್ ಹಾಕಿದ್ದೇನೆ. ನೀರು ದಂಡವಾಗಬಾರದೆಂದು ಅಡುಗೆಮನೆಯ ಆರ್‌ಓ ಯಂತ್ರದಿಂದ ಹೊರಬರುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಹಾಕುತ್ತೇನೆ. ಮೊದಲ ಎಲೆಗಳು ಹಳದಿಯಾಗಿವೆ, ಅಂಚು ಸುಟ್ಟ ಹಾಗಿದೆ. ಇನ್ನೂ ಹೆಚ್ಚು ನೀರು ಬೇಕೇ? — ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಬೇಡ. ಕಡಿಮೆ ಮಾಡಿ, ಆ ಬಕೆಟ್ಟನ್ನು ಮೊದಲು ದೂರ ಇಡಿ.

ಆರ್‌ಓ ಯಂತ್ರ ಮಾಡುವ ಕೆಲಸವೇ ನೀರಿನಲ್ಲಿರುವ ಲವಣವನ್ನು ಒಂದು ಕಡೆ ತಳ್ಳುವುದು. ನಿಮಗೆ ಕುಡಿಯಲು ತೆಳು ನೀರು ಬಂತು ಅಂದರೆ, ಬಿಟ್ಟ ಲವಣವೆಲ್ಲ ಹೊರಗೆ ಹೋಗುವ ನೀರಿಗೆ ಸೇರಿತು ಎಂದೇ ಅರ್ಥ. ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 800 ಮಿಲಿಗ್ರಾಂ ಲವಣವಿದ್ದು, ಯಂತ್ರ ಅರ್ಧ ನೀರನ್ನು ಹೊರಗೆ ಬಿಟ್ಟರೆ ಆ ಬಿಡುನೀರಿನಲ್ಲಿ 1500ರ ಹತ್ತಿರ ಇರುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಹೇಳುವ ಒಳ್ಳೆಯ ಮಿತಿ 500, ಬೇರೆ ದಾರಿಯೇ ಇಲ್ಲದಿದ್ದರೆ 2000ದವರೆಗೆ. ಮನುಷ್ಯರು ತಡೆದುಕೊಂಡಾರು, ತರಕಾರಿಗಳಲ್ಲಿ ಬೀನ್ಸ್‌ನಷ್ಟು ಉಪ್ಪಿಗೆ ಹೆದರುವ ಗಿಡ ಕಡಿಮೆ. ಮಣ್ಣಿನ ಲವಣ ಅಳೆಯುವ ಡೆಸಿಸೀಮನ್ ಎಂಬ ಲೆಕ್ಕದಲ್ಲಿ ಟೊಮೆಟೊ ಎರಡೂವರೆ ತನಕ ಇಳುವರಿ ಬಿಟ್ಟುಕೊಡುವುದಿಲ್ಲ. ಬೀನ್ಸ್ ಒಂದಕ್ಕೇ ಸೋಲಲು ಶುರು. ಅದೇ ನೀರು ಪಕ್ಕದ ಟೊಮೆಟೊಗೆ ಒಗ್ಗಿದೆಯಲ್ಲ ಎಂದು ನೀವು ವಾದ ಮಾಡಬಹುದು ಎಂದೇ ಈ ಲೆಕ್ಕ ಬರೆದೆ.

ಗ್ರೋ ಬ್ಯಾಗ್‌ನಲ್ಲಿ ಇನ್ನೊಂದು ತೊಂದರೆ. ನೆಲದಲ್ಲಾದರೆ ಮಳೆ ಬಂದು ಉಪ್ಪನ್ನು ಕೆಳಗೆ ತೊಳೆದುಕೊಂಡು ಹೋಗುತ್ತದೆ. ಚೀಲದಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಚೀಲದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಒಂದು ದಿನ ಮಳೆನೀರನ್ನೋ ಕಾವೇರಿ ನೀರನ್ನೋ ಚೀಲದ ತಳದ ತೂತಿನಿಂದ ಧಾರಾಳವಾಗಿ ಹರಿದುಹೋಗುವವರೆಗೆ ಹಾಕಿ, ಆಮೇಲೆ ಮೇಲ್ಮಣ್ಣು ಆರುವ ತನಕ ಮುಟ್ಟಬೇಡಿ. ಮನೆಗೆ ನೀರು ಮೆದು ಮಾಡುವ ಸಾಫ್ಟ್‌ನರ್ ಹಾಕಿಸಿದ್ದರೆ ಅದರ ನೀರೂ ಬೇಡ. ಅದು ಸುಣ್ಣದ ಅಂಶ ತೆಗೆದು ಸೋಡಿಯಂ ಸೇರಿಸುತ್ತದೆ, ಗಿಡಕ್ಕೆ ಅದು ಇನ್ನೂ ಕೆಟ್ಟದ್ದು. ಆರ್‌ಓ ಬಿಡುನೀರು ನೆಲ ಒರೆಸಲಿಕ್ಕೆ, ಪಾಯಿಖಾನೆಗೆ, ಗಾಡಿ ತೊಳೆಯಲಿಕ್ಕೆ ಇರಲಿ, ದಂಡವೇನೂ ಆಗುವುದಿಲ್ಲ.

ಈಗ ಎಷ್ಟು ನೀರು ಎಂಬ ಮಾತು. ಎರಡು ಹೊತ್ತು ಎಂಬ ಪದ್ಧತಿಯನ್ನೇ ಬಿಡಿ. ಗಿಡಕ್ಕೆ ಗಡಿಯಾರವಿಲ್ಲ. ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ. ತುದಿಗೆ ತಂಪು ತಗುಲಿ ಮಣ್ಣು ಅಂಟಿಕೊಂಡರೆ ಆ ದಿನ ನೀರು ಬೇಡ. ಹನ್ನೆರಡು ಇಂಚಿನ ಚೀಲದಲ್ಲಿರುವ ಎಳೆ ಸಸಿಗೆ ಬಿಸಿಲಿನ ದಿನದಲ್ಲೂ ಅರ್ಧ ಲೀಟರ್ ಸಾಕು, ಮೋಡದ ದಿನ ಅದೂ ಬೇಡ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹೆಚ್ಚು ಹಾಕಿದವರು ಮೋಸಹೋಗುವುದು ಇಲ್ಲೇ: ಮೇಲೆ ಒಣಗಿ ಕಂದಾಗಿ ಕಾಣುತ್ತದೆ, ಒಳಗೆ ಹಿಂಡಿದರೆ ನೀರು ಸುರಿಯುತ್ತದೆ. ಚೀಲವನ್ನು ಒಂದು ಬದಿಯಿಂದ ಎತ್ತಿ ಭಾರ ನೋಡುವುದು ರೂಢಿಯಾದರೆ ಬೆರಳೂ ಬೇಕಾಗುವುದಿಲ್ಲ.

ನೀರು ಬೆಳಿಗ್ಗೆ, ಬುಡಕ್ಕೆ, ನಿಧಾನವಾಗಿ. ಮೊಗ್ಗು ಬಂದ ಮೇಲೆ ಮಾತ್ರ ಲೆಕ್ಕ ಬೇರೆ. ಹೂವು ಬಿಡುವಾಗ, ಕಾಯಿ ತುಂಬುವಾಗ ಮಣ್ಣು ಒಣಗಿದರೆ ಹೂವು ಉದುರುತ್ತದೆ, ಕಾಯಿ ಸೊಟ್ಟಗಾಗುತ್ತದೆ. ಆಗ ಕೈ ಬಿಗಿ ಹಿಡಿಯಬೇಡಿ. ಏಪ್ರಿಲ್‌ನಲ್ಲಿ ಇನ್ನೊಂದು ನೆನಪಿಡಿ, ತಾರಸಿಯ ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನಕ್ಕೆ ಸ್ನಾನದ ನೀರಾಗಿರುತ್ತದೆ. ಮೊದಲ ಬಕೆಟ್ ಪಕ್ಕಕ್ಕೆ ಹಿಡಿದು ಆಮೇಲೆ ಗಿಡಕ್ಕೆ ಬಿಡಿ.

ಪ್ರಶ್ನೆ: ಬೇಗ ಮೊಳೆಯಲಿ ಎಂದು ಬೀಜವನ್ನು ರಾತ್ರಿಯಿಡೀ ನೆನೆಸಿ ಬಿತ್ತಿದೆ. ಕೆಂಪು ಮಣ್ಣು. ದಿನಾ ಪೈಪ್ ಹಿಡಿದು ನೀರು ಬಿಟ್ಟೆ. ಅರ್ಧ ಹುಟ್ಟಲೇ ಇಲ್ಲ, ಕೆದಕಿದರೆ ಕೊಳೆತು ನಾರುತ್ತಿತ್ತು. ಹುಟ್ಟಿದವುಗಳಲ್ಲಿ ಕೆಲವಕ್ಕೆ ಎಲೆಯೇ ಇಲ್ಲ, ಬೋಳು ಕಡ್ಡಿ. ಅಂಗಡಿಯವನು ಹಳೆ ಬೀಜ ಕೊಟ್ಟನೇ? — ಚಿಂತಾಮಣಿಯಿಂದ

ಅಂಗಡಿಯವನನ್ನು ಬೈಯುವ ಮೊದಲು ಉಳಿದ ಬೀಜದಲ್ಲಿ ಹತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಆರೇಳು ದಿನದಲ್ಲಿ ಎಂಟು ಮೊಳೆತರೆ ಅವನ ತಪ್ಪಿಲ್ಲ.

ಬೀನ್ಸ್ ಬೀಜವನ್ನು ನೆನೆಹಾಕುವುದು ಬೇಡ. ಹಾಗಲ, ಪಡವಲದ ಬೀಜದ ಸಿಪ್ಪೆ ಗಟ್ಟಿ, ಅವಕ್ಕೆ ನೆನೆ ಬೇಕು. ಬೀನ್ಸ್ ಸಿಪ್ಪೆ ತೆಳು. ನೀರಿಗೆ ಹಾಕಿದೊಡನೆ ಗಟಗಟನೆ ಕುಡಿದು ಒಳಗಿನ ಬೇಳೆ ಬಿರಿಯುತ್ತದೆ, ಬಿರಿದ ಜಾಗದಿಂದ ಕೊಳೆ ಹತ್ತುತ್ತದೆ. ಮಡಿಗೆ ಹಿಂದಿನ ದಿನವೇ ಚೆನ್ನಾಗಿ ನೀರುಣಿಸಿ. ಮರುದಿನ ಹದ ನೋಡಿ ಒಂದು ಇಂಚು, ಹೆಚ್ಚೆಂದರೆ ಒಂದೂವರೆ ಇಂಚು ಆಳಕ್ಕೆ ಒಣ ಬೀಜವನ್ನೇ ಊರಿ. ಮೇಲೆ ಜರಡಿ ಹಿಡಿದ ಹಳೆ ಕೊಟ್ಟಿಗೆ ಗೊಬ್ಬರ ಬೆರೆತ ಮಣ್ಣು ಮುಚ್ಚಿ, ತೆಳ್ಳಗೆ ಹುಲ್ಲು ಹರಡಿ. ಮಣ್ಣು ಬೆಚ್ಚಗಿದ್ದರೆ ಐದರಿಂದ ಏಳು ದಿನದಲ್ಲಿ ತಲೆ ಎತ್ತುತ್ತದೆ, ಅಲ್ಲಿಯವರೆಗೆ ಪೈಪ್ ಮಡಚಿಡಿ. ಮೇಲ್ಮೈ ತೀರ ಒಣಗಿದರೆ ಕೈಯಿಂದ ಚಿಮುಕಿಸಿದರೆ ಮುಗಿಯಿತು.

ಬೋಳು ಕಡ್ಡಿಯ ಕಾರಣವೂ ಅಲ್ಲೇ ಇದೆ. ಬೀನ್ಸ್ ತನ್ನ ಎರಡು ಬೇಳೆಯನ್ನು ನೆಲದೊಳಗೆ ಬಿಟ್ಟು ಬರುವುದಿಲ್ಲ, ಕುತ್ತಿಗೆ ಬಗ್ಗಿಸಿ ಎಳೆದುಕೊಂಡೇ ಮೇಲೆ ಬರುತ್ತದೆ. ಕೆಂಪು ಮಣ್ಣಿಗೆ ಪೈಪಿನ ನೀರು ರಭಸವಾಗಿ ಬಿದ್ದು, ಬಿಸಿಲಿಗೆ ಒಣಗಿದರೆ ಮೇಲೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನಲ್ಲಿ ಬೇಳೆಯೂ ಸುಳಿಯೂ ಸಿಕ್ಕಿ ಮುರಿದುಹೋಗುತ್ತವೆ, ದಂಟು ಮಾತ್ರ ಹೊರಗೆ ಬರುತ್ತದೆ. ಅದರಿಂದ ಗಿಡ ಆಗುವುದಿಲ್ಲ, ಕಿತ್ತು ಆ ಜಾಗಕ್ಕೆ ಇನ್ನೆರಡು ಬೀಜ ಊರಿ.

ಪ್ರಶ್ನೆ: ಅಕ್ಕ, ರಾತ್ರಿ ಮಲಗುವಾಗ ಇದ್ದ ಸಸಿ ಬೆಳಿಗ್ಗೆ ಇಲ್ಲ. ಕೆಲವು ನೆಲಮಟ್ಟಕ್ಕೆ ಕೊಯ್ದ ಹಾಗೆ ಬಿದ್ದಿವೆ, ಕೆಲವಕ್ಕೆ ಎಲೆಯೇ ಇಲ್ಲ. ಹುಳದ ಪುಡಿ ಯಾವುದು ಹಾಕಲಿ? — ಹೊಸನಗರ

ಪುಡಿ ಆಮೇಲೆ. ಇವತ್ತು ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಹೋಗಿ. ನೀವು ಬರೆದಿರುವುದು ಇಬ್ಬರು ಬೇರೆಬೇರೆ ಕಳ್ಳರ ಕೆಲಸ.

ನೆಲಮಟ್ಟಕ್ಕೆ ಕೊಯ್ದು ಸಸಿಯನ್ನು ಅಲ್ಲೇ ಬಿಟ್ಟುಹೋಗುವುದು ಕತ್ತರಿ ಹುಳ. ಬಿದ್ದ ಸಸಿಯ ಸುತ್ತ ಒಂದೆರಡು ಇಂಚು ಮಣ್ಣು ಕೆದಕಿದರೆ ಬೂದುಗಪ್ಪು ಬಣ್ಣದ ಹುಳ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಹೆಕ್ಕಿ ಕೊಲ್ಲುವುದೇ ಮದ್ದು. ಉಳಿದ ಸಸಿಗಳಿಗೆ ಕೊರಳಪಟ್ಟಿ ಹಾಕಿ. ನಮ್ಮ ಕಡೆ ಅಡಿಕೆ ಹಾಳೆಗೆ ಬರವಿಲ್ಲ. ನಾಲ್ಕು ಬೆರಳು ಅಗಲದ ಪಟ್ಟಿ ಕತ್ತರಿಸಿ, ಸಸಿಯ ಸುತ್ತ ಬಳೆ ಮಾಡಿ, ಒಂದು ಬೆರಳಷ್ಟು ಮಣ್ಣೊಳಗೆ ಹೂತು ನಿಲ್ಲಿಸಿ. ಕಾಗದದ ಲೋಟದ ತಳ ಕತ್ತರಿಸಿದರೂ ಆದೀತು, ಮಳೆಗೆ ಮೆತ್ತಗಾಗುತ್ತದೆ ಅಷ್ಟೆ. ದಂಟು ಪೆನ್ಸಿಲಿನಷ್ಟು ಗಟ್ಟಿಯಾದ ಮೇಲೆ ಪಟ್ಟಿ ತೆಗೆಯಿರಿ.

ಎಲೆ ತಿಂದು ಲೋಳೆಯ ಗೆರೆ ಎಳೆದು ಹೋಗುವುದು ಬಸವನಹುಳು. ಅದರಲ್ಲೂ ಈಗ ಮಲೆನಾಡಿನಲ್ಲೆಲ್ಲ ಹಬ್ಬಿರುವ ದೊಡ್ಡ ಆಫ್ರಿಕನ್ ಬಸವನಹುಳುವಾದರೆ ಒಂದೇ ರಾತ್ರಿಗೆ ಒಂದು ಸಾಲು ಮುಗಿಯುತ್ತದೆ. ಒದ್ದೆ ಗೋಣಿಚೀಲ ಹಾಸಿ ಅದರಡಿ ಪಪ್ಪಾಯಿ ಎಲೆಯೋ ದಂಟಿನ ತುಂಡೋ ಇಡಿ. ಬೆಳಗಾಗುವಷ್ಟರಲ್ಲಿ ಎಲ್ಲ ಅಲ್ಲಿ ಸೇರಿರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಇವುಗಳ ಮೈಯಲ್ಲಿ ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಇಲಿಯ ಜಂತು ಇರಬಹುದು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹೆಕ್ಕಿ, ಗಟ್ಟಿ ಉಪ್ಪುನೀರಿನ ಬಕೆಟ್‌ಗೆ ಹಾಕಿ. ಆ ನೀರನ್ನು ಮಡಿಯ ಹತ್ತಿರ ಚೆಲ್ಲಬೇಡಿ. ಗಿಡದ ಸುತ್ತ ಉಪ್ಪು ಉದುರಿಸಿ ಎಂದು ಹೇಳುವವರಿದ್ದಾರೆ. ಬೀನ್ಸ್‌ಗೂ ಉಪ್ಪಿಗೂ ಎಷ್ಟು ದೂರ ಎಂಬುದನ್ನು ರಾಜಾಜಿನಗರದವರಿಗೆ ಹೇಳಿಯಾಗಿದೆ.

ಸೊಪ್ಪು, ತರಗೆಲೆಯ ಮುಚ್ಚಿಗೆ ಹಾಕುವವರು ಸಸಿ ಸಣ್ಣದಿರುವಾಗ ಬುಡದಿಂದ ಒಂದು ಗೇಣು ಬಿಟ್ಟು ಹಾಕಿ. ಬುಡಕ್ಕೆ ತಾಗಿಸಿದರೆ ಅದೇ ಈ ಇಬ್ಬರಿಗೂ ಹಗಲಿನ ಮನೆ.

ಪ್ರಶ್ನೆ: ಎರಡು ವಾರದ ಸಸಿ, ಮಧ್ಯಾಹ್ನ ತಲೆ ಬಾಗಿಸುತ್ತವೆ. ನೀರು ಸಾಲದೆಂದು ಹೆಚ್ಚು ಹಾಕಿದೆ. ಈಗ ಒಂದೊಂದೇ ಹಳದಿಯಾಗಿ ಸಾಯುತ್ತಿವೆ. ಬುಡ ದಪ್ಪವಾಗಿ ಸೀಳಿದಂತಿದೆ. ಪಕ್ಕದಲ್ಲಿ ಅಲಸಂದೆ ಇತ್ತು, ಅದೂ ಹೀಗೇ ಹೋಯಿತು. — ಓದುಗ ರೈತರೊಬ್ಬರು, ದಾವಣಗೆರೆ ತಾಲ್ಲೂಕು

ಬುಡ ನೋಡಿ ಬರೆದಿರಲ್ಲ, ನಿಮ್ಮ ಕೈಗೊಂದು ನಮಸ್ಕಾರ. ಬಾಡುವ ಸಸಿಯನ್ನು ನೋಡಿದವರೆಲ್ಲ ಮೊದಲು ಹಿಡಿಯುವುದು ಕೊಡಪಾನವನ್ನು. ನೆಲಕ್ಕೂ ದಂಟಿಗೂ ಸೇರುವ ಆ ಅರ್ಧ ಇಂಚು ಜಾಗವನ್ನು ನಾನು ಕುತ್ತಿಗೆ ಅನ್ನುತ್ತೇನೆ. ಅದನ್ನು ನೋಡದೆ ನೀರು ಹಾಕಬಾರದು.

ನಿಮ್ಮದು ಕಾಂಡ ನೊಣ. ಸಾಯುತ್ತಿರುವ ಒಂದು ಸಸಿ ಕಿತ್ತು, ದಪ್ಪಗಾದ ಜಾಗದ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಿ. ಒಳಗೆ ಹಳದಿ ಬಿಳುಪಿನ ಸಣ್ಣ ಮರಿಹುಳವೋ, ಅಕ್ಕಿನುಚ್ಚಿನಷ್ಟು ಕಂದು ಕೋಶವೋ ಸಿಗುತ್ತದೆ. ಎರಡು ಮಿಲಿಮೀಟರಿನ ಮಿರಿಮಿರಿ ಕಪ್ಪು ನೊಣ ಇದರ ತಾಯಿ. ಸಸಿಯ ಮೊದಲ ಜೋಡಿ ಎಲೆ ಬಿಚ್ಚಿಕೊಂಡಾಗಲೇ ಬಂದು ಚುಚ್ಚಿ ಮೊಟ್ಟೆ ಇಡುತ್ತದೆ. ಎಲೆಯ ತೊಟ್ಟಿನ ಹತ್ತಿರ ಸೂಜಿ ಚುಚ್ಚಿದಂತೆ ಹಳದಿ ಚುಕ್ಕಿಗಳು ಕಂಡರೆ ಆಗಲೇ ಬಂದುಹೋಗಿದೆ ಎಂದು ತಿಳಿಯಿರಿ. ಮರಿ ಎಲೆಯಿಂದ ತೊಟ್ಟಿಗೆ, ತೊಟ್ಟಿನಿಂದ ದಂಟಿಗೆ ಸಿಪ್ಪೆಯಡಿಯಲ್ಲೇ ಕೊರೆಯುತ್ತ ಇಳಿದು ಕುತ್ತಿಗೆಯಲ್ಲಿ ನಿಲ್ಲುತ್ತದೆ. ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವ ದಾರಿ ಅಲ್ಲಿಗೆ ಕಟ್ಟಾಯಿತು. ಬೇರು ಸೊರಗಿದ ಮೇಲೆ ನೀವು ಮೇಲಿಂದ ಎಷ್ಟು ನೀರು ಹೊಯ್ದರೂ ಕುಡಿಯುವವರು ಯಾರು?

ಈಗ ಮಾಡುವುದು ಇಷ್ಟು. ಸತ್ತ, ಸಾಯುತ್ತಿರುವ ಸಸಿಗಳನ್ನು ಬೇರು ಸಮೇತ ಕಿತ್ತು ಸುಟ್ಟುಬಿಡಿ, ತಿಪ್ಪೆಗೆ ಹಾಕಬೇಡಿ. ಕೋಶದಿಂದ ಹೊಸ ನೊಣ ಎದ್ದು ಬರುತ್ತದೆ. ಇನ್ನೂ ಹಸಿರಾಗಿರುವ ಸಸಿಗಳ ಬುಡಕ್ಕೆ, ಬೇಳೆ ಎಲೆ ಇದ್ದ ಗಂಟಿನವರೆಗೂ, ಹದವಾದ ಮಣ್ಣು ಏರಿಸಿ. ಗಾಯದ ಮೇಲ್ಭಾಗದಿಂದ ಹೊಸ ಬೇರು ಬಿಟ್ಟುಕೊಂಡು ಬಹಳಷ್ಟು ಗಿಡ ಬದುಕುತ್ತವೆ. ನನ್ನ ಮಟ್ಟಿಗೆ ಬಾಟಲಿಯ ಔಷಧಿಗಿಂತ ಈ ಮಣ್ಣೇರಿಸುವ ಕೆಲಸದ ಮೇಲೆ ನಂಬಿಕೆ ಹೆಚ್ಚು. ಹೊಸದಾಗಿ ಬಿತ್ತುವುದಾದರೆ ಮೊಳಕೆ ಬಂದೊಡನೆ ಚದರ ಮೀಟರಿಗೆ 25 ಗ್ರಾಂನಂತೆ ಬೇವಿನ ಹಿಂಡಿಯನ್ನು ಮಣ್ಣಿಗೆ ಬೆರೆಸಿ. ಮೊದಲ ಎಲೆ ಬಿಚ್ಚಿದಾಗ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಬೇವಿನ ಬೀಜದ ಕಷಾಯ ಸಿಂಪಡಿಸಿ. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸೋಪು ಬೆರೆಸಿ ಸಂಜೆ ಹೊತ್ತು ಹೊಡೆಯಬೇಕು. ಮೂರು ನಾಲ್ಕು ವಾರ ದಾಟಿ ದಂಟು ಬಲಿತರೆ ನೊಣ ಅಷ್ಟಾಗಿ ಏನೂ ಮಾಡಲಾರದು. ಅಲಸಂದೆ, ಹೆಸರು, ಸೋಯಾ ಇದ್ದ ಜಾಗದ ಮಗ್ಗುಲಿಗೆ ಬೀನ್ಸ್ ಬೇಡ, ನೊಣಕ್ಕೆ ಅವೆಲ್ಲ ಒಂದೇ ಪಂಕ್ತಿ.

ಬೇರೆಯವರು ಓದುತ್ತಾರೆಂದು ಇದನ್ನೂ ಹೇಳಿಬಿಡುತ್ತೇನೆ. ಕುತ್ತಿಗೆ ದಪ್ಪಗಾಗದೆ ನೂಲಿನಂತೆ ಸಣ್ಣಗಾಗಿ, ಒದ್ದೆಯಾಗಿ ಮಡಚಿ ಬಿದ್ದರೆ ಅದು ಸಸಿ ಕೊಳೆ ರೋಗ. ನೀರು ಹೆಚ್ಚಾಗಿದೆ, ಬೀಜ ಒತ್ತೊತ್ತಾಗಿ ಬಿದ್ದಿದೆ. ಕುತ್ತಿಗೆಯ ಸುತ್ತ ಬಿಳಿ ನೂಲು ಹರಡಿ ಅದರಲ್ಲಿ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಂಡರೆ ಬುಡ ಕೊಳೆ. ಆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಅಂಥ ಸಸಿಯನ್ನು ಸುತ್ತಲ ಹಿಡಿ ಮಣ್ಣು ಸಮೇತ, ಉದುರದಂತೆ, ಕವರಿಗೆ ಹಾಕಿ ಹೊರಗೆ ಒಯ್ಯಿರಿ. ಅರೆಬರೆ ಕೊಳೆತ ಗೊಬ್ಬರ ಹಾಕಿದಲ್ಲಿ ಇದು ಕುಣಿಯುತ್ತದೆ. ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿ, ತೇವ ಆರದಂತೆ ನೆರಳಲ್ಲಿ ಒಂದೆರಡು ವಾರ ಇಟ್ಟು ಆಮೇಲೆ ಮಡಿಗೆ ಹಾಕಿ. ನೀರು ದಂಟಿಗೆ ತಾಗದಂತೆ ಪಕ್ಕದ ಕಾಲುವೆಯಲ್ಲಿ ಬಿಡಿ.

ಪ್ರಶ್ನೆ: ಅಕ್ಕಾರೆ, ಮೇ ತಿಂಗಳಲ್ಲಿ ಬೀನ್ಸ್ ಹಾಕಿದ್ದೆ. ದಿನಾ ನೀರು ಹಾಕಿದರೂ ಹೂವು ಉದುರಿ ಹೋದವು. — ಕಲಬುರಗಿ

ನಲವತ್ತು ಡಿಗ್ರಿಯಲ್ಲಿ ಹೂವು ನಿಲ್ಲಿಸುವ ನೀರು ಯಾವ ಬಾವಿಯಲ್ಲೂ ಇಲ್ಲ. ಬೇಸಿಗೆಗೆ ಚವಳಿಕಾಯಿ, ಅಲಸಂದೆ ಹಾಕಿರಿ. ಬೀನ್ಸ್ ನಿಮ್ಮ ಕಡೆ ದಸರೆ ಕಳೆದ ಮೇಲಿನ ಬೆಳೆ.

ಪ್ರಶ್ನೆ: ಮೊಳಕೆ ಬಂದ ಅವರೆಯನ್ನು ಗೊರವಂಕ ಹಕ್ಕಿ ಕಿತ್ತು ಹಾಕುತ್ತದೆ, ಉಳಿದದ್ದಕ್ಕೆ ನವಿಲು. ಏನು ಮಾಡೋದು? — ಮೈಸೂರಿನ ಹೊರವಲಯದಿಂದ

ಹಕ್ಕಿಗೆ ಬೇಕಾದ್ದು ಆ ಎರಡು ದಪ್ಪ ಬೇಳೆ. ಅವು ಕರಗಿ ಮೂರೆಲೆಯ ಗೊಂಚಲು ಎರಡು ಬರುವ ತನಕ ಕಾದರೆ ಸಾಕು. ಬಿದಿರಿನ ಸೀಳನ್ನು ಬಿಲ್ಲಿನಂತೆ ಬಗ್ಗಿಸಿ ಮಡಿಯ ಎರಡೂ ಬದಿಗೆ ಚುಚ್ಚಿ, ಮೇಲೆ ಹಳೆಯ ಸೊಳ್ಳೆಪರದೆ ಹೊದಿಸಿ ಅಂಚಿಗೆ ಕಲ್ಲಿಡಿ. ನೀರು ಪರದೆಯ ಮೇಲಿಂದ ಬೇಡ, ಅಂಚು ಎತ್ತಿ ಬುಡಕ್ಕೆ ಹಾಕಿ. ಹೊಳೆಯುವ ಸಿ.ಡಿ., ಬೆದರುಬೊಂಬೆ ಎಲ್ಲ ನಾಲ್ಕು ದಿನದ ಸಂಭ್ರಮ. ನವಿಲಿಗೆ ವಿಷದ ಕಾಳು ಇಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಮೊದಲ ಪಟ್ಟಿಯ ಪಕ್ಷಿ, ಜೈಲಿಗೆ ಹೋಗುವ ಕೆಲಸ.

ಪ್ರಶ್ನೆ: ಅಲಸಂಡೆ ಕುಡಿಗೆ ಕಪ್ಪು ಹೇನು. ಇರುವೆಯೂ ಇದೆ. ಬೂದಿ ಹಾಕಿದರೆ ಆಗುತ್ತದಾ? — ಉಡುಪಿ

ಆಗುತ್ತದೆ, ಬೆಳಗಿನ ಹನಿ ಇರುವಾಗ ತೆಳ್ಳಗೆ ಉದುರಿಸಿದರೆ. ನಿಮ್ಮ ಮಳೆಗೆ ಒಂದು ಗಂಟೆ ನಿಂತೀತೇ ಎಂಬುದು ಬೇರೆ ಮಾತು. ಮಳೆಗಾಲದಲ್ಲಿ ಕುಡಿಯನ್ನು ಎಡಗೈಯಲ್ಲಿ ಹಿಡಿದು ಬಲಗೈ ಬೆರಳಿನಿಂದ ಹೇನು ಉಜ್ಜಿ ಹಾಕಿ, ತೀರ ಹೆಚ್ಚಿದ್ದರೆ ಕುಡಿಯನ್ನೇ ಚಿವುಟಿ. ಇರುವೆ ಹೇನಿನ ಸಿಹಿಗಾಗಿ ಬಂದು ಅದಕ್ಕೆ ಕಾವಲು ನಿಲ್ಲುತ್ತದೆ. ಚಪ್ಪರದ ಕೋಲಿಗೆ ಬೇವಿನೆಣ್ಣೆ ಅದ್ದಿದ ಬಟ್ಟೆ ಸುತ್ತಿದರೆ ಏರುವುದು ಕಡಿಮೆಯಾಗುತ್ತದೆ. ಗುಲಗಂಜಿ ಹುಳ ಕಂಡರೆ ಮಾತ್ರ ಏನನ್ನೂ ಹೊಡೆಯಬೇಡಿ, ಅದಕ್ಕೆ ಹೇನೇ ಊಟ. ಪಾತ್ರೆ ತೊಳೆದ ಸೋಪಿನ ನೀರನ್ನು ಗಿಡಕ್ಕೆ ಎರಚುವುದು ಬೇಡ, ಎಳೆ ಎಲೆ ಸುಡುತ್ತದೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇವೆ. ಅಮ್ಮ ಬಂದಾಗ ಊರಿನ ಅವರೆ ಬೀಜ ತಂದರು. ಏಪ್ರಿಲ್‌ನಲ್ಲಿ ಹಾಕಿದ್ದು ಕೊಳೆಯಿತು. ಮೇ ಕೊನೆಯಲ್ಲಿ ಹಾಕಿದ್ದು ಮೊಲ ತಿಂದು ಉಳಿದದ್ದು ಬೇಲಿ ತುಂಬ ಹಬ್ಬಿದೆ. ಹೋದ ವರ್ಷವೂ ಹೀಗೇ ಹಬ್ಬಿ ಸೆಪ್ಟೆಂಬರ್ ಕೊನೆಗೆ ಹೂವು ಬಿಟ್ಟು, ಕಾಯಿ ಬಲಿಯುವ ಮೊದಲೇ ಹಿಮ ಬಿತ್ತು. ನೀರು, ಗೊಬ್ಬರ ಕಡಿಮೆಯಾಯಿತೇ?

ಎರಡೂ ಅಲ್ಲ, ಅಲ್ಲಿಯ ಹಗಲು ಉದ್ದವಾಯಿತು. ನಮ್ಮ ಊರಿನ ಅವರೆ ಹಗಲು ಗಿಡ್ಡವಾದಾಗಲೇ ಹೂವಿಗೆ ಮನಸ್ಸು ಮಾಡುವ ಜಾತಿ. ಅದಕ್ಕೇ ಇಲ್ಲಿ ಮಳೆಗಾಲದಲ್ಲಿ ಬಿತ್ತಿದರೂ ಅವರೆಕಾಯಿ ಕಾಲ ಎಂದರೆ ಡಿಸೆಂಬರ್-ಜನವರಿ. ಬೆಂಗಳೂರಿನ ಅತಿ ಉದ್ದದ ಹಗಲು ಹದಿಮೂರು ಗಂಟೆಗೆ ಸ್ವಲ್ಪ ಕಡಿಮೆ. ನಿಮ್ಮಲ್ಲಿ ಜೂನ್‌ನಲ್ಲಿ ಹದಿನೈದು ಗಂಟೆ. ನೀರು ಗೊಬ್ಬರ ಹೆಚ್ಚಿಸಿದಷ್ಟೂ ಬಳ್ಳಿ ಇನ್ನೂ ಹಬ್ಬುತ್ತದೆಯೇ ಹೊರತು ಹೂವಾಗುವುದಿಲ್ಲ. ಹಗಲಿನ ಉದ್ದಕ್ಕೆ ಕಾಯದ ತಳಿಗಳಿವೆ: ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್. ಗಿಡ್ಡ ಗಿಡ, ಚಪ್ಪರ ಬೇಡ, ಬೇಗ ಕಾಯಿ. ಸೊಗಡು ಮಾತ್ರ ಅಷ್ಟಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಬೀಜ ತರಿಸುವ ಮೊದಲು ಅಮೆರಿಕದ ಕೃಷಿ ಇಲಾಖೆಯ ಅನುಮತಿಯ ನಿಯಮ ನೋಡಿಕೊಳ್ಳಿ, ಅಮ್ಮನ ಕೈಚೀಲದಲ್ಲಿ ಹಾಗೇ ತರುವಂತಿಲ್ಲ.

ಏಪ್ರಿಲ್‌ನ ಬೀಜ ಕೊಳೆತದ್ದು ಚಳಿಗೆ. ಮಣ್ಣು ಹದಿನೈದು ಹದಿನಾರು ಡಿಗ್ರಿಗೆ ಬರುವ ಮೊದಲು ಈ ಜಾತಿಯ ಬೀಜ ಊರಬೇಡಿ. ತಣ್ಣನೆ ಮಣ್ಣಿಗೆ ನೀರೂ ಹಾಕಿದರೆ ಕೊಳೆಯುವುದು ಖಂಡಿತ. ಮೇ ಮೊದಲಲ್ಲಿ ಮನೆಯೊಳಗೆ ಕಾಗದದ ಲೋಟದಲ್ಲಿ ಹಾಕಿ, ಕೊನೆಯ ವಾರ ಲೋಟ ಹರಿದು ಬೇರು ಅಲ್ಲಾಡದಂತೆ ನೆಡಬಹುದು. ಬೀನ್ಸ್ ಜಾತಿಗೆ ಬೇರು ಕದಲಿದರೆ ಆಗಿಬರುವುದಿಲ್ಲ. ಮೊಲಕ್ಕೆ ಎರಡಡಿ ಎತ್ತರದ ಕೋಳಿಜಾಲರಿ ಸಾಕು, ಆದರೆ ಕೆಳಗಿನ ಅರ್ಧ ಅಡಿಯನ್ನು ಹೊರಕ್ಕೆ ಮಡಚಿ ಮಣ್ಣಿನಡಿ ಹೂಳಿ. ಜುಲೈಯಲ್ಲಿ ತಾಮ್ರದ ಬಣ್ಣದ ರೆಕ್ಕೆಯ ಜಪಾನಿ ದುಂಬಿ ಎಲೆಯನ್ನು ಬಲೆಯಂತೆ ಮಾಡಲು ಬರುತ್ತದೆ. ಬೆಳಿಗ್ಗೆ ತಂಪಿನಲ್ಲಿ ಅದು ಮಂಪರಾಗಿರುವಾಗ ಸೋಪಿನ ನೀರಿನ ಡಬ್ಬಿ ಕೆಳಗೆ ಹಿಡಿದು ಎಲೆ ತಟ್ಟಿದರೆ ಒಳಗೆ ಬೀಳುತ್ತವೆ.